ಮಸ್ಕಿಯಲ್ಲಿಟ್ಟ ಪ್ರಸ್ಥಾನ

ಮೊನ್ನೆ ಇಸ್ತ್ರಿ ಅಂಗಡಿಯ ಮಾಬುಸಾಬ ನನ್ನ ಚೌಕಡಿ ಅಂಗಿಯನ್ನು ಹಲಗೆಯ ಮೇಲೆ ಹರವಿ, ಕಾಲರನ್ನು ಬೆರಳಿನಿಂದ ತಿರುವಿ ನೋಡಿದ.

"ಸರ, ಈ ಅಂಗಿ ನಿಮ್ಮ ಮೈಮ್ಯಾಲ ಒಂದ ದಿನಾನೂ ನೋಡಿಲ್ಲ ನಾ. ಕಾಲರ್ ನೋಡಿದ್ರ ಎಳಿ ಎಳಿ ಬಿಟ್ಟೈತಿ. ಯಾರ ಹಾಕ್ಕೋತಾರ ಇದನ್ನ?"

"ತಮ್ಮ ಹಾಕ್ಕೋತಿದ್ದ," ಎಂದೆ.

ನನಗೆ ತಮ್ಮನಿಲ್ಲ. ಲಿಂಗಸುಗೂರಿನಲ್ಲಿ ನನ್ನ ನೌಕರಿ ಶುರುವಾದಂದಿನಿಂದ ನನ್ನ ಬಟ್ಟೆ ಇಸ್ತ್ರಿ ಮಾಡುತ್ತಿರುವ ಮಾಬುಸಾಬನಿಗೆ ಅದು ಚೆನ್ನಾಗಿ ಗೊತ್ತು. ಆದರೂ ಆತ ನೀರು ಚಿಮುಕಿಸಿ ಇಸ್ತ್ರಿ ಎಳೆದು, ಮಡಿಚಿ, ಉಳಿದ ಬಟ್ಟೆಗಳಿಂದ ಬೇರೆಯಾಗಿ ಕಾಗದದಲ್ಲಿ ಸುತ್ತಿ ಕೊಟ್ಟ. ಅಂಥ ದೊಡ್ಡ ಮನಸ್ಸಿನವರು ಈಗ ಕಡಿಮೆ.

ಆ ಅಂಗಿಯನ್ನು ನಾನು ದೀಪಾವಳಿಗೆ ಹೊಲಿಸಿದ್ದು. ಹಾಕಿಕೊಳ್ಳದೆ, ಪ್ರವಾಸಕ್ಕೆ ಆಗಲಿ ಎಂದು ಎತ್ತಿಟ್ಟದ್ದು. ನಾನು ಹಾಕದ ಅಂಗಿಯ ಕಾಲರು ಸವೆದದ್ದು ಹೇಗೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಆದರೆ ನಂಬಲೇಬೇಕು ಎಂಬ ಒತ್ತಾಯವಿಲ್ಲ. ಸರ್ಕಾರಿ ಗುಮಾಸ್ತನ ಮಾತನ್ನು ಸಹಿ ಶಿಕ್ಕಾ ಇಲ್ಲದೆ ಯಾರೂ ನಂಬುವುದಿಲ್ಲ ಎಂಬುದು ನನಗೂ ಗೊತ್ತಿದೆ.

ಕೆಲವರು ಪ್ರವಾಸ ಹೋಗಿಬಂದು ಬರೆಯುತ್ತಾರೆ. ನಾನು ಹೋಗುವುದಕ್ಕೆ ಮುಂಚೆಯೇ ಬರೆಯುವವನು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ದಿಲ್ಲಿ, ಆಗ್ರಾ, ಜೈಪುರ ಎಲ್ಲವನ್ನೂ ಹದಿನಾಲ್ಕು ವರ್ಷ ಬರೆದಿದ್ದೇನೆ. ಕೆಂಪು ಕೋಟೆಗೆ ಯಾವ ಬಾಗಿಲಿಂದ ಒಳಗೆ ಹೋಗಬೇಕು, ಯಾವ ಬಾಗಿಲಿಂದ ಹೊರಗೆ ಬಂದರೆ ಆಟೋ ಸಿಗುತ್ತದೆ, ತಾಜಮಹಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಎಷ್ಟು ನಿಮಿಷ ಕೂಡಬೇಕು, ಎಲ್ಲ ಇತ್ತು. ಚಹಾ ಕುಡಿಯುವ ಹೊತ್ತೂ ಇತ್ತು. ಒಂದು ದಿನ ನನ್ನ ಹೆಂಡತಿ ಅಮರಮ್ಮ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ ಕೇಳಿದಳು:

"ಸಂಡಾಸಕ್ಕ ಹೋಗೂದು ಎಷ್ಟ ಗಂಟೇಕ ಬರ್ದೀರಿ?"

ಬರೆದಿದ್ದೆ. ಆರು ಹತ್ತಕ್ಕೆ. ಆದರೆ ಅವಳಿಗೆ ಹೇಳಲಿಲ್ಲ.

ಸಂತೆಕಲ್ಲೂರಿನ ಒಕ್ಕಲುತನದ ಮನೆಯ ಮಗಳು ಆಕೆ. ಜೋಳ, ತೊಗರಿ, ಕಡಲೆ ಬಿತ್ತುವ ಮಳೆ ಆಧಾರದ ಹೊಲ. ಊರುಗಳ ಹೆಸರು ನಾನು ಓದಿ ಹೇಳುವಾಗ ಆಕೆ ಹೂಂ ಅನ್ನುತ್ತಿದ್ದಳು, ಅಷ್ಟೇ. ಹದಿನಾಲ್ಕು ವರ್ಷದಲ್ಲಿ ಆಕೆ ಬೇಡಿದ್ದು ಒಂದೇ.

"ನನಗ ಮಹಲು, ಕ್ವಾಟಿ ಬ್ಯಾಡ್ರಿ. ಅವನ್ನ ನೀವು ನೋಡ್ರಿ. ಎಲ್ಲ್ಯಾರ ನಡಬರಕ ಇಳ್ದು, ಮಂದಿ ಹೊಲದ ಬದುವಿನ ಮ್ಯಾಲ ಒಂದ ತಾಸು ಸುಮ್ನ ಕುಂದ್ರಬೇಕು. ನಾ ಕಸಾ ತಗೀಲಾರದ ಹೊಲಾ ಒಂದ ನೋಡಬೇಕು."

ಹತ್ತನೆಯ ದಿನಕ್ಕೆ ನಾನು ಅದನ್ನೂ ಸೇರಿಸಿದೆ. ಜೈಪುರದಿಂದ ಪಂಜಾಬು, ಅಲ್ಲೊಂದು ಹಳ್ಳಿ, ಸಾಸಿವೆ ಹೂಬಿಟ್ಟ ಹೊಲ. ಹೊಲದಲ್ಲಿ ಏನು ಮಾಡಬೇಕೆಂದು ನನಗೆ ತಿಳಿಯದೆ ಆ ಪುಟವನ್ನು ಖಾಲಿ ಬಿಟ್ಟೆ. ಕೆಳಗೆ ಮಾತ್ರ 'ಒಂದು ತಾಸು' ಎಂದು ಬರೆದು ಗೆರೆ ಎಳೆದೆ.

ಇಷ್ಟೆಲ್ಲ ಬರೆದವನು ಯಾಕೆ ಹೋಗಲಿಲ್ಲ ಎಂದರೆ, ಅಂಜಿಕೆ. ಬೇರೆ ಕಾರಣ ಹುಡುಕಿ ಪ್ರಯೋಜನವಿಲ್ಲ. ಈ ಅಂಜಿಕೆ ಎಲ್ಲಿಂದ ಬಂತು ಎಂದು ಯೋಚಿಸಿದಾಗಲೆಲ್ಲ ನನಗೆ ಹಟ್ಟಿ ನೆನಪಾಗುತ್ತದೆ.

ನಾನು ಬೆಳೆದದ್ದು ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ. ಅಪ್ಪ ಚಿನ್ನದ ಗಣಿಗೆ ಇಳಿಯುತ್ತಿದ್ದ. ಇಳಿಯುವವರಿಗೆ ಒಂದೊಂದು ಹಿತ್ತಾಳೆ ಬಿಲ್ಲೆ. ಹಲಗೆಯ ಮೊಳೆಯಿಂದ ಬಿಲ್ಲೆ ತೆಗೆದುಕೊಂಡು ಕೆಳಗೆ ಹೋಗಬೇಕು, ಮೇಲೆ ಬಂದು ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಬರಿದಾಗಿದ್ದರೆ ಆ ಮನುಷ್ಯ ಇನ್ನೂ ಭೂಮಿಯ ಒಳಗಿದ್ದಾನೆ ಎಂದರ್ಥ. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಒಂದು ದಿನ ಅಪ್ಪ ಬಿಲ್ಲೆಯನ್ನು ಮರೆತು ಕಿಸೆಯಲ್ಲೇ ಇಟ್ಟುಕೊಂಡು ಮನೆಗೆ ಬಂದ. ಉಂಡು ಮಲಗಿದ. ಬಿಸಿಲಿಳಿಯುವ ಹೊತ್ತಿಗೆ ಇಬ್ಬರು ಬಾಗಿಲಿಗೆ ಬಂದು ನಿಂತರು. ಅವರ ಮುಖ ನೋಡಿ ಅವ್ವನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

"ಅಕ್ಕಾ, ನಿಮ್ಮ ಮನಿಯವ್ರನ್ನ ತಳಗ ಹುಡುಕಾಕತ್ತೀವಿ. ಇನ್ನೂ ಸಿಕ್ಕಿಲ್ಲ," ಎಂದರು.

"ಒಳಗ ಮಕ್ಕೊಂಡಾರಲ್ರೀ," ಎಂದಳು ಅವ್ವ.

ಅವರಲ್ಲಿ ಒಬ್ಬ ಬಾಗಿ ಒಳಗೆ ನೋಡಿದ. ಅಪ್ಪ ಗೊರಕೆ ಹೊಡೆಯುತ್ತಿದ್ದ. ಆ ಮನುಷ್ಯ ಸಮಾಧಾನ ಪಡಬೇಕಾಗಿತ್ತಲ್ಲ? ಪಡಲಿಲ್ಲ. "ಹಲಗಿ ಪ್ರಕಾರ ಇಂವ ಇನ್ನೂ ತಳಗ ಅದಾನ," ಎಂದು ಮೆಲ್ಲಗೆ ಹೇಳಿ, ಅಪ್ಪನನ್ನು ಎಬ್ಬಿಸಲಿಕ್ಕೂ ಹಿಂದೆಮುಂದೆ ನೋಡಿದ.

ಬಿಲ್ಲೆ ಮೊಳೆಗೆ ಹೋಯಿತು, ಬೈಗುಳ ತಿಂದದ್ದೂ ಆಯಿತು. ಆದರೆ ಆಮೇಲೆ ಎಷ್ಟೋ ದಿನ ಅವ್ವ ಅಪ್ಪನಿಗೆ ಬಡಿಸುವಾಗ ಒಂದು ಗಳಿಗೆ ಅವನ ಕೈ ಮುಟ್ಟಿ ನೋಡುತ್ತಿದ್ದಳು. ನನಗಂತೂ ಒಂದು ವಾರ ಅಪ್ಪನ ಪಕ್ಕದಲ್ಲಿ ಮಲಗಲು ಧೈರ್ಯವಾಗಲಿಲ್ಲ. ಮನೆಗೆ ಬಂದವನು ಅಪ್ಪನೋ, ಕೆಳಗೆ ಉಳಿದವನು ಅಪ್ಪನೋ ಎಂದು ಅನುಮಾನ. ಅಂದಿನಿಂದ ಮನೆ ಬಿಟ್ಟು ಹೊರಡುವುದು ಎಂದರೆ ನನಗೆ ಅಂಜಿಕೆ. ಹುಬ್ಬಳ್ಳಿ ದಾಟಿ ನಾನು ಒಂದು ದಿನವೂ ವಸ್ತಿ ಮಾಡಿದವನಲ್ಲ.

ಅಂಥವನನ್ನು ಕೊನೆಗೆ ಹೊರಡಿಸಿದ್ದು ಮಗಳು. ಆಕೆಯನ್ನು ಸಿಂಧನೂರಿಗೆ ಕೊಟ್ಟಿದ್ದೇವೆ. ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲಿನ ಮಂಗಳವಾರಕ್ಕೆ ರಾಯಚೂರಿನಿಂದ ದಿಲ್ಲಿ ಗಾಡಿಗೆ ತನ್ನ ಮೊಬೈಲಿನಲ್ಲೇ ಟಿಕೀಟು ತೆಗೆದು, "ಅಪ್ಪಾ, ಆ ಪುಸ್ತಕಾ ಬರ್ದದ್ದು ಸಾಕು, ಇನ್ನ ನಡೀರಿ," ಎಂದಳು. ಸಾಹೇಬರು ರಜೆಗೆ ಸಹಿ ಹಾಕಿದರು. ಅಮರಮ್ಮ ಶೇಂಗಾ ಹೋಳಿಗೆ ಮಾಡಿದಳು, ಹದಿನಾಲ್ಕು ದಿನಕ್ಕಾಗುವಷ್ಟು ಕಡಕ್ ರೊಟ್ಟಿ ಬಡಿದು ಡಬ್ಬಿ ತುಂಬಿದಳು. ಎಲ್ಲ ತಯಾರಾದ ಮೇಲೆ ಮಸ್ಕಿಯಿಂದ ದೊಡ್ಡವ್ವನ ಫೋನು ಬಂತು.

ದೊಡ್ಡವ್ವ ಎಂದರೆ ಅಮರಮ್ಮನ ತಾಯಿಯ ಅಕ್ಕ. ಹಲ್ಲಿಲ್ಲ, ಕಿವಿ ಮಂದ, ಪಂಚಾಂಗ ಮಾತ್ರ ಬಾಯಿಪಾಠ. "ಮಂಗಳವಾರ ಉತ್ತರಕ್ಕ ಶೂಲಾ ಐತಿ, ಗೊತ್ತಿಲ್ಲೇನು ನಿಮಗ? ಆ ದಿನ ಹೊಂಡಬ್ಯಾಡ್ರಿ," ಎಂದಳು. ಟಿಕೀಟು ತೆಗೆದಾಗಿದೆ ಎಂದರೆ, "ಹಂಗಾರ ಐತವಾರ ಬಂದು ಪ್ರಸ್ಥಾನ ಇಟ್ಟು ಹೋಗ್ರಿ," ಎಂದಳು.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲು ಒಳ್ಳೆಯ ದಿನ ನೋಡಿ, ಉಡುವ ಬಟ್ಟೆಯ ಜೊತೆ ಒಂದು ಹಿಡಿ ಅಕ್ಕಿ, ಅರಿಶಿನ ಕೊಂಬು, ಅಡಿಕೆ ಇಟ್ಟು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿಟ್ಟು ಬರುವುದು. ಗಂಟು ಹೊಸ್ತಿಲು ದಾಟಿದರೆ ನೀವು ಹೊರಟ ಹಾಗೆಯೇ ಲೆಕ್ಕ. ಆಮೇಲೆ ಹೊರಡುವ ದಿನ ಆ ಮನೆಗೆ ಹೋಗಿ, ಗಂಟು ಬಿಚ್ಚಿ, ಅದೇ ಬಟ್ಟೆ ಉಟ್ಟು ಮುಂದೆ ಹೋಗಬೇಕು. ಅಮರಮ್ಮ ತನ್ನ ಹಸಿರು ಇಳಕಲ್ ಸೀರೆಯನ್ನು ತೆಗೆದಳು. ನಾನು ಈ ಚೌಕಡಿ ಅಂಗಿಯನ್ನು ಕೊಟ್ಟೆ. ಮಂಗಳವಾರ ಮುಂಜಾನೆ ಮೊದಲು ಮಸ್ಕಿ, ಅಲ್ಲಿಂದ ರಾಯಚೂರು ಎಂದು ನೋಟ್‌ಬುಕ್ಕಿನಲ್ಲಿ ತಿದ್ದುಪಡಿ ಮಾಡಿಕೊಂಡೆ.

ಭಾನುವಾರ ಮಸ್ಕಿಯಲ್ಲಿ ಬಸ್ಸಿಳಿದು ಹೋಗುವಾಗ ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಗಂಡಹೆಂಡತಿ ಇಬ್ಬರು ಹಿಂದಿಯಲ್ಲಿ ಶಾಸನದ ಕಲ್ಲು ಎಲ್ಲಿದೆ ಎಂದು ಕೇಳಿದರು. ನಾನು ಗುಡ್ಡದ ಕಡೆ ಕೈಮಾಡಿದೆ. ಹುಟ್ಟಿದಾರಭ್ಯ ಈ ದಾರಿಯಲ್ಲಿ ಓಡಾಡಿದರೂ ಆ ಕಲ್ಲನ್ನು ನಾನು ನೋಡಿಲ್ಲ. ಅದು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

"ನೋಡ್ರಿ, ಅವರು ನಮ್ಮೂರಿಗೆ ಬಂದ ಬಿಟ್ರು," ಎಂದಳು ಅಮರಮ್ಮ, ಅವರು ಮರೆಯಾಗುವ ತನಕ ನೋಡುತ್ತ.

ದೊಡ್ಡವ್ವನ ಮನೆ ಗುಡ್ಡದ ಬುಡದಲ್ಲಿದೆ. ಹಾಡುಹಗಲಿನಲ್ಲೂ ಒಳಗೆ ಕತ್ತಲೆ. ಉತ್ತರದ ಗೋಡೆಯ ಮಾಡದಲ್ಲಿ ಗಂಟನ್ನು ಇಟ್ಟು, ವಿಭೂತಿ ಹಚ್ಚಿ, ನಮ್ಮಿಬ್ಬರ ಕಡೆ ತಿರುಗಿ ಆಕೆ ಹೇಳಿದಳು:

"ಅಳಿಯಪ್ಪ, ಇಟ್ಟ ಮ್ಯಾಲ ಹೋಗಾಕ ಬೇಕು. ಏನರ ಅಡಚಣಿ ಬಂತಂದ್ರ ಮೂರ ದಿನದಾಗ ಬಂದು, ಕಾಯಿ ಒಡದು, ಬಿಚ್ಚಿ ಒಯ್ರಿ. ಅದು ನಿಮ್ಮ ಹಾದಿ ಕಾಕೋಂತ ಕುಂದ್ರೂದಿಲ್ಲ."

"ಅಂದ್ರ?" ಎಂದೆ.

"ಅಂದ್ರ ಅಂದ್ರ. ಹೊಂಟದ್ದು ಹೋಗತೈತಿ," ಎಂದು ಆಕೆ ಎಲೆ ಅಡಿಕೆ ಕುಟ್ಟತೊಡಗಿದಳು.

ಸೋಮವಾರ ಮುಂಜಾನೆ ಕಚೇರಿಗೆ ಹೋದೆ, ಕೆಲಸ ಒಪ್ಪಿಸಿ ಬರಲಿಕ್ಕೆ. ಮೆಟ್ಟಿಲು ಹತ್ತುವಾಗ, ನಾಳೆ ಇಷ್ಟೊತ್ತಿಗೆ ನಾನು ಇಲ್ಲಿರುವುದಿಲ್ಲ ಎಂದು ಅನಿಸಿದ್ದೇ ತಡ, ಬರಿದಾದ ಮೊಳೆ ಕಣ್ಣ ಮುಂದೆ ಬಂತು. ಸಾಹೇಬರ ಮುಂದೆ ನಿಂತು, "ರಜಾ ಬ್ಯಾಡ್ರಿ ಸರ, ಮನಿಯಾಗ ಆರಾಮಿಲ್ಲ," ಎಂದೆ. ಅವರು ಪಾಪ, ಕಾಳಜಿಯಿಂದ ಏನಾಗಿದೆ ಎಂದು ಕೇಳಿದರು. ನಾನು ಹೆಂಡತಿಗೆ ಜ್ವರ ಎಂದೆ. ಸಂಜೆ ಮನೆಗೆ ಬಂದು ಅಮರಮ್ಮನಿಗೆ, "ಸಾಹೇಬ್ರು ರಜಾ ಕೊಡಲಿಲ್ಲ," ಎಂದೆ. ಒಂದು ಸುಳ್ಳು ಅಲ್ಲಿ, ಒಂದು ಸುಳ್ಳು ಇಲ್ಲಿ. ಹದಿನಾಲ್ಕು ವರ್ಷದ ಯೋಜನೆಯನ್ನು ಎರಡೇ ಮಾತಿನಲ್ಲಿ ಮುಗಿಸಿದೆ. ನಾಚಿಕೆಯಾಗಬೇಕಾಗಿತ್ತು. ಖರೆ ಹೇಳಬೇಕೆಂದರೆ ಆ ಹೊತ್ತಿಗೆ ಹಗುರವಾಯಿತು.

ಅಮರಮ್ಮ ಬ್ಯಾಗಿನೊಳಗಿಟ್ಟಿದ್ದ ರೊಟ್ಟಿ ಡಬ್ಬಿಯನ್ನು ಹೊರಗೆ ತೆಗೆದಳು. "ಆಗ್ಲಿ ಬಿಡ್ರಿ," ಎಂದಳು. ಅಷ್ಟೇ. ಆ ವಾರವೆಲ್ಲ ನಾವು ಪ್ರವಾಸದ ಬುತ್ತಿಯನ್ನು ಮನೆಯಲ್ಲೇ ಕೂತು ಉಂಡೆವು.

ಬುಧವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಒಂದು ಡಜನ್ ಬಾಳೆಹಣ್ಣು ಇದ್ದವು. ನಮ್ಮ ಕಚೇರಿಯ ಜವಾನ ಹನುಮಂತ, ಅಕ್ಕನವರಿಗೆ ಜ್ವರ ಎಂದು ಕೇಳಿ ನೋಡಲಿಕ್ಕೆ ಬಂದು ಕೊಟ್ಟುಹೋಗಿದ್ದ. ಆಕೆ ಆಗ ಅಂಗಳದಲ್ಲಿ ನಿಂತು ಜೋಳ ಹಸನು ಮಾಡುತ್ತಿದ್ದಳಂತೆ. ಇದೆಲ್ಲ ನನಗೆ ಹನುಮಂತನೇ ಆಮೇಲೆ ಹೇಳಿದ್ದು. ಅಮರಮ್ಮ ಅವನಿಗೆ ಕೂಡಲು ಹೇಳಿ, ಚಹಾ ಕೊಟ್ಟು, "ಈಗ ಆರಾಮ ಅದಾರ ಅಂತ ನಿಮ್ಮ ಸಾಹೇಬ್ರಿಗೆ ಹೇಳಪಾ," ಎಂದು ಕಳಿಸಿದ್ದಳು. ನನ್ನನ್ನು ಮಾತ್ರ ಏನೂ ಕೇಳಲಿಲ್ಲ. ಊಟದ ಜೊತೆ ಒಂದು ಹಣ್ಣು ಸುಲಿದು ಇಟ್ಟಳು.

ಮೂರು ದಿನವಾಯಿತು. ಮಸ್ಕಿಗೆ ಹೋಗಿ ಗಂಟು ತರಬೇಕಾಗಿತ್ತು. ದೊಡ್ಡವ್ವನ ಮುಂದೆ ಯಾವ ಸುಳ್ಳು ಹೇಳುವುದು ಎಂದು ಹೊಳೆಯದೆ ನಾಳೆ, ನಾಡಿದ್ದು ಎಂದು ಮುಂದೂಡಿದೆ. ಹಾಗೆ ಮುಂದೂಡುವಾಗ ನನಗೊಂದು ಚಟ ಹತ್ತಿತು. ಕಚೇರಿಯಲ್ಲಿ ಕೂತು ನೋಟ್‌ಬುಕ್ಕು ತೆರೆದು ಈಗ ಎಲ್ಲಿರುತ್ತಿದ್ದೆವು ಎಂದು ನೋಡುವುದು. ಈಗ ದಿಲ್ಲಿಯಲ್ಲಿ ಇಳಿಯುತ್ತಿದ್ದೆವು. ಈಗ ಆಗ್ರಾದಲ್ಲಿ ಕಲ್ಲುಬೆಂಚು. ಶನಿವಾರ ಆ ಕಲ್ಲುಬೆಂಚಿನ ಹೊತ್ತಿಗೆ ಸರಿಯಾಗಿ ನನ್ನ ಬೆನ್ನು ತಣ್ಣಗಾಯಿತು, ನೆರಳಿನ ಕಲ್ಲಿಗೆ ಒರಗಿದಂತೆ. ಜನವರಿಯ ಚಳಿ ಎಂದುಕೊಂಡೆ. ಹೊರಗೆ ಸುಡುಬಿಸಿಲು ಇತ್ತು.

ಮರುವಾರ ಗುರುವಾರ ಮುಂಜಾನೆ ಸಿಂಧನೂರಿನ ಜವಳಿ ವ್ಯಾಪಾರಿ ವೀರಭದ್ರಪ್ಪ ಹೊಲದ ಕಾಗದಪತ್ರದ ಕೆಲಸಕ್ಕೆ ಕಚೇರಿಗೆ ಬಂದರು. ಮಗಳ ಮದುವೆಯ ಬಟ್ಟೆಯನ್ನೆಲ್ಲ ಅವರಲ್ಲೇ ತೆಗೆದಿದ್ದೆವು. ಎದುರಿಗೆ ನಿಂತರೂ ನನ್ನ ನಮಸ್ಕಾರಕ್ಕೆ ಉತ್ತರ ಕೊಡಲಿಲ್ಲ. ಯಾಕೆಂದು ಕೇಳಿದೆ.

"ನೀವೇನ್ ಬಿಡ್ರಿ, ದೊಡ್ಡ ಮನಷ್ಯಾರು. ಪರ ಊರಾಗ ನಮ್ಮ ಮಂದಿ ಸಿಕ್ರ ಎಷ್ಟು ಖುಷಿ ಆಗ್ತೈತಿ. ಜೈಪುರದಾಗ ಸೋಮವಾರ ನಾ ಅಷ್ಟು ಕೈ ಮಾಡೀನಿ, ಒದರೀನಿ. ನೋಡಿದ್ರೂ ನೋಡದಂಗ ಹೋದ್ರಿ."

"ಸೋಮವಾರ ನಾ ಇಲ್ಲೇ ಇದೇ ಕುರ್ಚಿ ಮ್ಯಾಲ ಇದ್ನಲ್ರೀ."

"ಸುಳ್ಳ ಯಾಕ ಹೇಳ್ತೀರಿ? ಹವಾ ಮಹಲ್ ಮುಂದ. ನೀವು ಚೌಕಡಿ ಅಂಗಿ, ಮನಿಯವ್ರು ಹಸರು ಇಳಕಲ್ ಸೀರಿ. ಜವಳಿ ಮಂದಿ ನಾವು, ಮಾರಿ ಮರೀಬಹುದು, ಸೀರಿ ಮರಿಯೂದಿಲ್ಲ. ನೀವು ಗಡಿಯಾರ ನೋಡಿಕೋಂತ ಹೊಂಟಿದ್ರಿ. ಅವರು ಮಾತ್ರ ನಗಾಕತ್ತಿದ್ರು. ಭಾಳ ನಗಾಕತ್ತಿದ್ರು ಬಿಡ್ರಿ, ನೋಡಾಕ ಚಲೋ ಅನಸ್ತು."

ಅವರು ಹೋದ ಮೇಲೆ ನೋಟ್‌ಬುಕ್ಕು ತೆಗೆದೆ. ಸೋಮವಾರ, ಏಳನೆಯ ದಿನ, ಜೈಪುರ, ಹನ್ನೊಂದು ಗಂಟೆಗೆ ಹವಾ ಮಹಲ್. ಅಕ್ಷರ ನನ್ನದೇ. ಸೀರೆಯ ವಿಷಯ ಅದರಲ್ಲಿ ಬರೆದಿರಲಿಲ್ಲ, ಗಂಟಿನಲ್ಲಿ ಏನಿದೆ ಎಂದು ನಾವು ಯಾರಿಗೂ ಹೇಳಿರಲೂ ಇಲ್ಲ. ಆದರೆ ಆಗ ನನ್ನನ್ನು ಕಾಡಿದ್ದು ಅದಲ್ಲ. ಅಮರಮ್ಮ ಭಾಳ ನಗುತ್ತಿದ್ದಳು ಎಂಬ ಮಾತು. ಆಕೆ ಹಾಗೆ ನಕ್ಕದ್ದನ್ನು ನಾನು ಕೊನೆಗೆ ಯಾವಾಗ ನೋಡಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದಾಗ ತಮಾಷೆ ಎಂಬಂತೆ ಇದನ್ನು ಅಮರಮ್ಮನಿಗೆ ಹೇಳಿದೆ. ಒಬ್ಬರ ಹಾಗೆ ಇನ್ನೊಬ್ಬರು ಇರುತ್ತಾರೆ, ಮುದುಕ ವೀರಭದ್ರಪ್ಪನವರಿಗೆ ಕನ್ನಡಕ ಬದಲಿಸಬೇಕು ಎಂದೆಲ್ಲ ಹೇಳಿದೆ. ಆಕೆ ನಗಲಿಲ್ಲ.

"ನಗಾಕತ್ತಿದ್ಲಂತೇನು ಅಕಿ?" ಎಂದು ಕೇಳಿದಳು.

"ಹೂಂ, ಅಂತಾರ."

"ಚಲೋ ಆತು," ಎಂದು ಸಾರು ಬಡಿಸಿದಳು.

ಕೈ ತೊಳೆಯುವ ಮೊದಲೇ ಮಗಳ ಫೋನು ಬಂತು. ಅಮರಮ್ಮ ಸ್ಪೀಕರ್ ಹಾಕಿದಳು. ಅಲೋ ಇಲ್ಲ, ಏನಿಲ್ಲ, ಮಗಳ ಮೊದಲ ಮಾತೇ, "ಅವ್ವಾ, ನೀ ಎಲ್ಲದಿ?"

"ಮನ್ಯಾಗ ಅದೀನಿ. ಎಲ್ಲಿರ್ಲಿ?"

ಮಗಳು ನಂಬದೆ ಮತ್ತೊಮ್ಮೆ ಕೇಳಿದಳು. ಆಮೇಲೆ ಹೇಳಿದಳು. ಅವರ ಪಕ್ಕದ, ವಲಸೆ ಬಂದು ನೆಲೆಸಿದ ಒಕ್ಕಲು ಮಂದಿಯ ಕ್ಯಾಂಪಿನ ರೈತ ರಾವ್ ಎಂಬವರು ಭತ್ತ ಕೊಯ್ಯುವ ಮಷೀನು ಖರೀದಿಗೆಂದು ಪಂಜಾಬಿಗೆ ಹೋಗಿದ್ದಾರೆ. ಸಿಂಧನೂರಿನ ಕಡೆ ಆ ಮಷೀನುಗಳೆಲ್ಲ ಬರುವುದು ಅಲ್ಲಿಂದಲೇ. ಮಗಳ ಮದುವೆಯಲ್ಲಿ ನಮ್ಮ ಕೈಯಿಂದ ಬಡಿಸಿಕೊಂಡು ಉಂಡವರು ಅವರು. ಈಗಷ್ಟೇ ಅಲ್ಲಿಂದ ಅವರು ಅಳಿಯನಿಗೆ ಫೋನು ಮಾಡಿದ್ದರು.

"ನಿಮ್ಮ ಅತ್ತಿ ಮಾವಾರು ಇಲ್ಲಿಗೆ ಬರ್ತಾರ ಅಂತ ಒಂದ ಮಾತು ಹೇಳಬಾರ್ದಾ ಬಾಬು, ನಾನೇ ರೂಮು ಮಾಡ್ತಿದ್ನಲ್ಲ ಅಂತ ಬೈದ್ರಂತವ್ವಾ. ಸಾಸಿವಿ ಹೊಲದ ಬದುವಿನ ಮ್ಯಾಲ ನೀ ಚಪ್ಪಲಿ ಬಿಟ್ಟು ಕುಂತೀಯಂತ. ಅಪ್ಪ ರಸ್ತೇದಾಗ ನಿಂತು ಗಡಿಯಾರ ತೋರಿಸಿ ಕರಿಯಾಕತ್ತಾನಂತ. ನೀ ಏಳವಲ್ಲೆಂತ."

ಮಗಳ ದನಿ ಅಳುವ ಹಾಗಿತ್ತು. ಅಮರಮ್ಮ ಆಕೆಯನ್ನು ಸಮಾಧಾನ ಮಾಡಿ ಫೋನಿಟ್ಟಳು. ನಾನು ನೋಟ್‌ಬುಕ್ಕು ತೆರೆದು ನೋಡಲಿಲ್ಲ. ಗುರುವಾರ, ಹತ್ತನೆಯ ದಿನ. ಆ ಖಾಲಿ ಪುಟ ನೋಡದೆಯೂ ನನಗೆ ಗೊತ್ತಿತ್ತು.

"ಅಮರಾ," ಎಂದೆ. "ರಜಾ ಸಾಹೇಬ್ರು ಕೊಟ್ಟಿದ್ರು. ನಾನಽ ಬ್ಯಾಡಂದೆ."

"ಗೊತ್ತೈತ್ರಿ. ಹನುಮಂತ ಬಾಳೇಹಣ್ಣು ತಂದ ದಿನಾನ ಗೊತ್ತಾತು."

"ಮತ್ತ ಯಾಕ ಕೇಳಲಿಲ್ಲ ನೀ?"

"ಏನಂತ ಕೇಳ್ಲಿ? ಅಂಜಿದವರಿಗೆ ಯಾಕ ಅಂಜಿದ್ರಿ ಅಂತ ಕೇಳಬಾರ್ದು. ಆದ್ರ ಆರಾಮ ಇರೂ ನನ್ನ ಮ್ಯಾಲ ಜಡ್ಡು ಹಾಕಬಾರದಿತ್ತು ನೀವು." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಈಗ ನನಗ ಅಕಿ ಮ್ಯಾಲ ಹೊಟ್ಟಿಕಿಚ್ಚು ಬಂದೈತ್ರಿ. ನನ್ನ ಸೀರಿ ಉಟ್ಕೊಂಡು, ನನ್ನ ಜಾಗಾದಾಗ ಕುಂತಾಳ ಅಕಿ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಕೆ ನನ್ನ ಬಗ್ಗೆ ಆಡಿದ ಅತ್ಯಂತ ಕಠಿಣ ಮಾತು ಅದು ಎಂದು ನನಗೆ ಅನಿಸಿತು. ಅದರಲ್ಲಿ ನನ್ನ ಹೆಸರೇ ಇರಲಿಲ್ಲ.

ಭಾನುವಾರ ಇಬ್ಬರೂ ಮಸ್ಕಿಗೆ ಹೋದೆವು. ಕಾಯಿ ಒಡೆದು, ತಪ್ಪಾಯಿತೆಂದು ಬೇಡಿಕೊಂಡು, ಗಂಟು ಬಿಚ್ಚಿ ತಂದರೆ ಇದೆಲ್ಲ ನಿಂತೀತು ಎಂದು ನನ್ನ ಲೆಕ್ಕ. ದೊಡ್ಡವ್ವ ನಮ್ಮನ್ನು ಕಂಡು ಆಶ್ಚರ್ಯಪಡಲಿಲ್ಲ, ಬೈಯಲೂ ಇಲ್ಲ. ಗಂಟು ಇಟ್ಟಲ್ಲೇ ಇತ್ತು. ಅಮರಮ್ಮ ಹಾಕಿದ ಗಂಟು, ನಾನು ಬಿಗಿದ ದಾರ, ಮೇಲೆ ಒಣಗಿದ ವಿಭೂತಿ, ಎಲ್ಲ ಹಾಗೆಯೇ. ಆದರೆ ಕೈಗೆ ತೆಗೆದುಕೊಂಡಾಗ ಭಾರವೇ ಇರಲಿಲ್ಲ.

ಅಮರಮ್ಮ ನೆಲದ ಮೇಲೆ ಇಟ್ಟು ಬಿಚ್ಚಿದಳು. ಅಕ್ಕಿ ಇತ್ತು. ಅರಿಶಿನ ಕೊಂಬು ಇತ್ತು, ಅಡಿಕೆ ಇತ್ತು. ಸೀರೆ, ಅಂಗಿ ಇರಲಿಲ್ಲ.

"ದೊಡ್ಡವ್ವಾ, ನೀ ಬಿಚ್ಚಿದ್ದೇನು?" ಎಂದಳು ಅಮರಮ್ಮ. ಕಿವಿ ಕೇಳದ್ದಕ್ಕೆ ಎರಡು ಸಲ ಕೇಳಬೇಕಾಯಿತು.

"ನಾ ಯಾಕ ಬಿಚ್ಚಲೇ ತಂಗಿ? ಹೋದವರು ಉಟ್ಕೊಂಡು ಹೋಗ್ಯಾರ. ಬರೇ ಮೈಯಾಗ ಹೋಗಾಕ ಬರ್ತೈತೇನು ಅಷ್ಟು ದೂರ?" ಎಂದಳು ದೊಡ್ಡವ್ವ. ಆಮೇಲೆ ನನ್ನ ಕಡೆ ನೋಡಿ, "ಯಾವಾಗ ಬರ್ತಾರ ಅವರು? ಬರದಿಟ್ಟಿರಬೇಕಲ್ಲ ನೀವು," ಎಂದಳು.

ಬರೆದಿಟ್ಟಿದ್ದೆ. ಸೋಮವಾರ, ಹದಿನಾಲ್ಕನೆಯ ದಿನ, ಸಂಜೆ ನಾಲ್ಕಕ್ಕೆ ರಾಯಚೂರು ಬಸ್ಸಿನಿಂದ ಲಿಂಗಸುಗೂರಿನಲ್ಲಿ ಇಳಿಯುವುದು.

ಸೋಮವಾರ ನಾನು ಕಚೇರಿಗೆ ಹೋಗಲಿಲ್ಲ. ಮೂರು ಗಂಟೆಗೆ ಅಮರಮ್ಮ ತಲೆ ಬಾಚಿಕೊಂಡು, ಒಂದು ಕೈಚೀಲ ತೆಗೆದುಕೊಂಡು ಹೊರಟಳು. ನಾನೂ ಹಿಂದೆ ನಡೆದೆ. ನನ್ನ ಮನಸ್ಸಿನಲ್ಲಿದ್ದದ್ದು ಒಂದೇ. ಅವರಿಬ್ಬರೂ ಇಳಿದು ಬಂದರೆ ಮನೆಯಲ್ಲಿ ಇರಬೇಕಾದವರು ಯಾರು? ನಗುವ ಆ ಹೆಂಗಸನ್ನು ಕಂಡ ಮೇಲೆ ಅಮರಮ್ಮ ಏನಾಗುತ್ತಾಳೆ? ಬಸ್‌ಸ್ಟ್ಯಾಂಡಿನಲ್ಲಿ ಎಂದಿನ ಗದ್ದಲ. ಶೇಂಗಾ ಮಾರುವವರು, ಕಾಲೇಜಿನ ಹುಡುಗಿಯರು, ಹಟ್ಟಿಯ ಶಿಫ್ಟಿಗೆ ಹೊರಟವರು. ಇಷ್ಟು ಜನರ ನಡುವೆ, ಇಷ್ಟು ಬೆಳಕಿನಲ್ಲಿ ಏನಾದೀತು ಎಂದು ಧೈರ್ಯ ತಂದುಕೊಳ್ಳಲು ನೋಡಿದೆ. ಆಗಲಿಲ್ಲ.

ರಾಯಚೂರು ಬಸ್ಸು ನಾಲ್ಕಕ್ಕೆ ಸರಿಯಾಗಿ ಬಂತು. ಆ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಜನ ಚೀಲ, ಮಕ್ಕಳು, ಕೋಳಿ ಸಮೇತ ಇಳಿದರು. ಅವರ ನಡುವೆ ಒಂದು ಚೌಕಡಿ ಅಂಗಿ ಕಂಡಿತು. ಬೆನ್ನು ಮಾತ್ರ. ಕಾಲರು ಬೆವರಿಗೆ ಕಪ್ಪಾಗಿತ್ತು. ಆ ಮನುಷ್ಯ ಕೈಗಡಿಯಾರ ನೋಡಿಕೊಂಡ. ಎಡಗಾಲು ಸ್ವಲ್ಪ ಎಳೆಯುತ್ತ, ತಲೆ ಬಗ್ಗಿಸಿ, ನಮ್ಮ ಓಣಿಯ ಕಡೆ ನಡೆದ. ಎಡಗಾಲು ಎಳೆಯುವುದು ನನಗೂ ಇದೆ. ಅದು ಹಿಂದಿನಿಂದ ಹೀಗೆ ಕಾಣುತ್ತದೆ ಎಂದು ಅಂದೇ ಗೊತ್ತಾಯಿತು. ಕೂಗಬೇಕೆಂದುಕೊಂಡೆ. ಆದರೆ ಯಾವ ಹೆಸರು ಹಿಡಿದು ಕೂಗುವುದು?

ಅಮರಮ್ಮ ಅವನ ಕಡೆ ನೋಡಲೇ ಇಲ್ಲ. ಬಸ್ಸಿನ ಬಾಗಿಲನ್ನೇ ನೋಡುತ್ತ ನಿಂತಿದ್ದಳು. ಎಲ್ಲರೂ ಇಳಿದರು. ಕಂಡಕ್ಟರ್ ಇಳಿದು ಚಹಾ ಕುಡಿದು ಬಂದ. ಬಾಗಿಲು ಖಾಲಿಯಾಗಿಯೇ ಉಳಿಯಿತು.

"ಅಂವ ಒಬ್ಬನಽ ಬಂದಾನ," ಎಂದಳು ಅಮರಮ್ಮ. "ಅಕಿ ಎದ್ದಿಲ್ಲ. ಇನ್ನೂ ಅಲ್ಲೇ ಕುಂತಾಳ."

ಆಕೆಯ ಮುಖದಲ್ಲಿ ಒಂದು ನಗು ಹುಟ್ಟುತ್ತಿತ್ತು. ಎಷ್ಟೋ ವರ್ಷದಿಂದ ನಾನು ನೋಡದ ನಗು. ಅದನ್ನು ನೋಡಿ ನನಗೆ ಸಂತೋಷವಾಯಿತೋ, ಹೆದರಿಕೆಯಾಯಿತೋ ಈಗಲೂ ಹೇಳಲಾರೆ. ಕಂಡಕ್ಟರ್ "ರಾಯಚೂರ್, ರಾಯಚೂರ್" ಎಂದು ಕೂಗತೊಡಗಿದ. ಅಮರಮ್ಮ ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದಳು.

"ಎಲ್ಲಿಗೆ?" ಎಂದೆ.

"ನಾ ಅಕಿ ಹಂತ್ಯಾಕ ಹೋಗ್ತೀನ್ರಿ. ನೀವು ಬಂದ್ರ ಬರ್ರಿ, ಇಲ್ಲಂದ್ರ ಮನೀಗೆ ಹೋಗ್ರಿ."

ನನ್ನ ಹತ್ತಿರ ಟಿಕೀಟು ಇರಲಿಲ್ಲ, ರಜೆ ಇರಲಿಲ್ಲ, ನೋಟ್‌ಬುಕ್ಕು ಮನೆಯಲ್ಲಿತ್ತು. ಮನೆಗೆ ಹೋದರೆ ಅಲ್ಲಿ ಯಾರಿರುತ್ತಾರೆ ಎಂಬುದು ಗೊತ್ತಿತ್ತು. ಒಬ್ಬಳನ್ನು ಹೊಲದಲ್ಲಿ ಬಿಟ್ಟು, ಗಡಿಯಾರ ನೋಡಿಕೊಂಡು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದವನು. ಬಸ್ಸು ಅಲುಗಿತು. ನಾನು ಕಂಬಿ ಹಿಡಿದು ಹತ್ತಿದೆ. ಅಮರಮ್ಮ ಕಿಟಕಿಯ ಕಡೆ ಸರಿದು ಜಾಗ ಕೊಟ್ಟಳು. ಊರಿನ ಕೊನೆಯ ಮನೆಗಳು ಹಿಂದಾಗುವಾಗ ನನ್ನ ಹಳೆಯ ಬುದ್ಧಿ ಸುಮ್ಮನಿರಲಿಲ್ಲ.

"ಹಿತ್ತಲ ಬಾಗಲಾ ಹಾಕಿಲ್ಲಲ್ಲ ನಾವು," ಎಂದೆ.

"ಇರ್ಲಿ ಬಿಡ್ರಿ," ಎಂದಳು ಅಮರಮ್ಮ, ಹೊರಗೆ ಹೊಲಗಳನ್ನು ನೋಡುತ್ತ. "ಅಂವ ಮನೀಗೆ ಹೋಗ್ಯಾನಲ್ಲ, ಹಾಕ್ಕೋತಾನ."